ಚಿತ್ರದಿಂದ ತೆಗೆದ ತಗಡಿನ ಮನೆ

ಹೊಳೆಮಣ್ಣೂರಿನ ಕೆಳಗೆ ಮಲಪ್ರಭೆ ಹೊರಳುವ ಕಡೆ ಅಗಲವಾದ ಒಂದು ದಂಡೆಯಿದೆ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅಲ್ಲಿ ಎಂಟು ಬೆಳಗು ಕೂತು ಚಿತ್ರ ಬರೆದೆ. ಗಜೇಂದ್ರಗಡದಿಂದ ಮೊದಲ ಬಸ್ಸಿಗೆ ರೋಣಕ್ಕೆ ಬರುವುದು, ಅಲ್ಲಿ ಇನ್ನೊಂದು ಬಸ್ಸು ಹಿಡಿಯುವುದು, ಕೊನೆಯ ಒಂದು ಮೈಲಿ ಬಣ್ಣದ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಡೆಯುವುದು. ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ ನನಗೆ ಬೇಕಾದ ಬೆಳಕು ಸಿಗುತ್ತಿತ್ತು. ಅದಾದ ಮೇಲೆ ಬಿಸಿಲು ಎಲ್ಲದರ ನೆರಳನ್ನೂ ನುಂಗಿ ದಂಡೆಯನ್ನು ಚಪ್ಪಟೆ ಮಾಡಿಬಿಡುತ್ತಿತ್ತು.

ದಂಡೆಯ ಮೇಲೆ ಒಂದು ದೊಡ್ಡ ಜಾಲಿಗಿಡ. ಅದರ ಬಲಕ್ಕೆ ಒಂದು ಮನೆ. ಮನೆ ಅನ್ನುವುದಕ್ಕಿಂತ ನಾಲ್ಕು ಕಡೆ ತಗಡು ನಿಲ್ಲಿಸಿ, ಮೇಲೆ ತಗಡು ಹೊದಿಸಿ, ಸೋರುವ ಕಡೆ ನೀಲಿ ತಾಡಪತ್ರಿ ಎಳೆದು ಕಲ್ಲು ಹೇರಿದ್ದ ಒಂದು ಆಸರೆ. ಗಂಡ ಹೆಂಡತಿ ಇಬ್ಬರೇ ಇದ್ದರು. ಹೊಳೆ ಬಿಟ್ಟುಹೋದ ಮೆಕ್ಕಲು ಮಣ್ಣಿನಲ್ಲಿ ಬೇರೆಯವರ ಹೊಲ ಲಾವಣಿಗೆ, ಅಂದರೆ ವರ್ಷದ ಗೇಣಿಗೆ, ಹಿಡಿದು ಬದನೆ, ಮೆಣಸಿನಕಾಯಿ ಬೆಳೆಯುತ್ತಿದ್ದರು. ಮೊದಲ ದಿನವೇ ಆಕೆ ಚಹಾ ತಂದುಕೊಟ್ಟಳು. ನೈಟಿಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟಿದ್ದಳು, ತಲೆಗೆ ಟವೆಲ್ಲು.

"ಬಿಸಲಾಗ ಯಾಕ ಕುಂತೀರಿ? ಒಳಗ ಬರ್ರಿ, ಅಲ್ಲೆ ಕುಂತು ಬರೀರಿ" ಎಂದಳು.

"ಬ್ಯಾಡವಾ, ಬೆಳಕು ಹೋಗಿಬಿಡತೈತಿ" ಎಂದೆ.

ಎಂಟು ದಿನವೂ ಆಕೆ ಕರೆದಳು, ಎಂಟು ದಿನವೂ ನಾನು ಅದನ್ನೇ ಹೇಳಿದೆ. ಚಹಾ ಮಾತ್ರ ಒಂದು ದಿನವೂ ಬಿಡಲಿಲ್ಲ.

ನಾನು ಬರೆಯುವುದು ನೆಲ, ಆಕಾಶ, ನೀರು. ಮನುಷ್ಯರ ವಿಷಯದಲ್ಲಿ ನನ್ನದೊಂದು ಪದ್ಧತಿಯಿತ್ತು. ಅವರನ್ನು ಸ್ಥಳದಲ್ಲಿ ಬರೆಯುತ್ತಿರಲಿಲ್ಲ. ಚಿತ್ರವೆಲ್ಲ ಮುಗಿದ ಮೇಲೆ, ಗಜೇಂದ್ರಗಡದ ನನ್ನ ಕೋಣೆಯಲ್ಲಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ, ಎಲ್ಲಿ ಕಣ್ಣು ನಿಲ್ಲಬೇಕೋ ಅಲ್ಲಿ ಕುಂಚದ ಎರಡು ಏಟಿನಲ್ಲಿ ಒಂದು ಆಳು ನಿಲ್ಲಿಸುತ್ತಿದ್ದೆ. ಹೆಂಗಸಾದರೆ ಕೆಂಪು, ಗಂಡಸಾದರೆ ಬಿಳಿ. ಎಷ್ಟು ದೊಡ್ಡ ಬಯಲು ಎಂದು ತೋರಿಸಲು ಅಷ್ಟು ಚಿಕ್ಕ ಮನುಷ್ಯ ಸಾಕು. ಇನ್ನು ಲೈಟಿನ ಕಂಬ, ಪ್ಲಾಸ್ಟಿಕ್ಕು, ತಗಡು ಇವು ಮೂರಕ್ಕೂ ನನ್ನ ಚಿತ್ರದಲ್ಲಿ ಪ್ರವೇಶವಿರಲಿಲ್ಲ. ಮುಶಿಗೇರಿ ಕಡೆಯ ಎರೆಹೊಲ ಬರೆದಾಗ ಸಾಲಾಗಿ ನಿಂತ ಕಂಬಗಳನ್ನೆಲ್ಲ ತೆಗೆದುಹಾಕಿದ್ದೆ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಗಿರಣಿಗಳನ್ನು ತೆಗೆದಿದ್ದೆ. ನೋಡಿದವರು "ಹಳೇ ಕಾಲದ ಶಾಂತಿ ಐತಿ ನೋಡ್ರಿ" ಎಂದು ಮೆಚ್ಚಿದರೆ ನಾನು ಉಬ್ಬಿಹೋಗುತ್ತಿದ್ದೆ.

ಸ್ಥಳದಲ್ಲಿ ನಾನು ಚಿಕ್ಕ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆಯುತ್ತೇನೆ. ಪೆನ್ಸಿಲ್ ಮುಟ್ಟುವುದಿಲ್ಲ. ಕಣ್ಣು ಅರೆ ಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರಗಳೆಲ್ಲ ಕರಗಿ, ದೊಡ್ಡ ದೊಡ್ಡ ಬಣ್ಣದ ತುಂಡುಗಳಷ್ಟೇ ಉಳಿಯುತ್ತವೆ. ಅವನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿದ ಬಣ್ಣದಿಂದ ಮೊದಲು ಹಾಕಿಕೊಳ್ಳಬೇಕು. ಎರೆಮಣ್ಣು ಕಪ್ಪು ಎಂದು ಕಪ್ಪು ಬಣ್ಣ ಬಳಿದರೆ ನೆಲ ಸತ್ತುಹೋಗುತ್ತದೆ. ಕಂದು ಬಣ್ಣಕ್ಕೆ ನೀಲಿ ಸೇರಿಸಬೇಕು. ಒದ್ದೆ ಮರಳಿಗೆ ಹಳದಿಮಣ್ಣಿನ ಬಣ್ಣ, ಬಿಳಿ, ಅದಕ್ಕೊಂದು ಚಿಟಿಕೆ ನೇರಳೆ. ಮೊದಲ ಎರಡು ದಿನ ಮೊದಲ ಹಲಗೆಯ ಮೇಲೆ ಇದ್ದದ್ದೆಲ್ಲವನ್ನೂ ಹಾಕಿದೆ. ಜಾಲಿಗಿಡದ ಬಲಕ್ಕೆ ಬೂದು ಬಣ್ಣದ ಒಂದು ತುಂಡು, ಅದರ ಮೇಲೊಂದು ನೀಲಿ ಗೆರೆ. ಅದೇ ಮನೆ.

ಮೂರನೇ ದಿನ ತೊಂದರೆ ಶುರುವಾಯಿತು. ಹತ್ತು ಗಂಟೆಯ ಬಿಸಿಲಿಗೆ ತಗಡು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಚಿತ್ರದಲ್ಲಿ ಎಲ್ಲಿ ನೋಡಿದರೂ ಕಣ್ಣು ಕೊನೆಗೆ ಆ ಬೆಳ್ಳನೆಯ ಚುಕ್ಕೆಗೇ ಬಂದು ಬೀಳುತ್ತಿತ್ತು. ನೀಲಿ ತಾಡಪತ್ರಿ ಬೇರೆ, ಆಕಾಶದ ನೀಲಿಯನ್ನು ಮಂಕಾಗಿಸುತ್ತಿತ್ತು. ಹೊಳಪು ತಗ್ಗಿಸಿ ನೋಡಿದೆ, ಮನೆ ಚಿಕ್ಕದು ಮಾಡಿ ನೋಡಿದೆ. ಆಗಲಿಲ್ಲ. ನಾಲ್ಕನೇ ದಿನ ಎರಡನೇ ಹಲಗೆ ತೆಗೆದುಕೊಂಡು ಮನೆಯನ್ನೇ ಬಿಟ್ಟು ಬರೆದೆ. ಗಿಡ, ಮರಳು, ಹೊಳೆ. ಚಿತ್ರ ತಟ್ಟನೆ ಉಸಿರಾಡಿತು. ಆವತ್ತು ಎಷ್ಟು ಖುಷಿಯಾಗಿತ್ತೆಂದರೆ ಆಕೆ ತಂದ ಚಹಾವನ್ನು ಇನ್ನೊಂದು ಬಟ್ಟಲು ಕೇಳಿ ಕುಡಿದೆ.

"ನಮ್ಮ ಮನಿ ಬಂತೇನ್ರಿ ಚಿತ್ರದಾಗ?" ಎಂದು ಆಕೆಯ ಗಂಡ ದೂರದಿಂದಲೇ ಕೇಳಿದ. ಹಸಿ ಬಣ್ಣದ ಹತ್ತಿರ ಬಂದರೆ ನನಗೆ ಸಿಟ್ಟು ಬರುತ್ತದೆಂದು ಅವನಿಗೆ ಗೊತ್ತಾಗಿತ್ತು.

"ಎಲ್ಲಾ ಬರತೈತಿ, ಮುಗಿಲಿ ತಡೀರಿ" ಎಂದೆ. ಅದು ಬಾಯಿಗೆ ಬಂದ ಮಾತು. ಅವರು ಅದನ್ನು ಹಾಗೇ ನಂಬಿದರು.

ಎರಡನೇ ಹಲಗೆ ನೋಡಿಕೊಂಡು ಕೋಣೆಯಲ್ಲಿ ನಾಲ್ಕಡಿ ಅಗಲದ ಕ್ಯಾನ್ವಾಸಿನ ಮೇಲೆ ದೊಡ್ಡ ಚಿತ್ರ ಬರೆದೆ. ಕೊನೆಗೆ ನೀರಿನ ಅಂಚಿಗೆ ಒಬ್ಬ ಹೆಂಗಸನ್ನು ನಿಲ್ಲಿಸಿದೆ. ಚಹಾ ತಂದುಕೊಟ್ಟವಳೇ ಇವಳು, ಆದರೆ ನೈಟಿ ಅಂಗಿ ಹೋಗಿ ಕೆಂಪು ಸೀರೆ ಬಂತು, ಸೊಂಟಕ್ಕೆ ಕೊಡ ಬಂತು. ಚಿತ್ರ ರೋಣದ ಒಂದು ವಾಚನಾಲಯದ ಗೋಡೆಗೆ ಹೋಯಿತು. ಹಿಂದೆ ಸ್ಥಳದ ಹೆಸರು, ತಿಂಗಳು, ವರ್ಷ ಬರೆದು ಸಹಿ ಮಾಡಿದ್ದೆ. ಮೊದಲ ಹಲಗೆ ಸುಮ್ಮನೆ ಬಿದ್ದಿತ್ತು. ಹಲಗೆ ಹಾಳು ಮಾಡುವುದು ನನ್ನ ಜಾಯಮಾನವಲ್ಲ. ಅದರ ಮೇಲೆ ಬಿಳಿ ಅಸ್ತರು ಬಳಿದು ಗಜೇಂದ್ರಗಡದ ಗುಡ್ಡ ಬರೆದುಬಿಟ್ಟೆ.

ಮರುವರ್ಷದ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಕೊಣ್ಣೂರಿನ ಸೇತುವೆ ಮುಳುಗಿ ನರಗುಂದದ ರಸ್ತೆ ಬಂದ್ ಆಯಿತು. ಆ ದಂಡೆಯ ಮೇಲೆ ಗಿಡದ ಅರ್ಧಕ್ಕೆ ನೀರು ನಿಂತಿತ್ತಂತೆ. ಗಂಡ ಹೆಂಡತಿ ಊರ ಶಾಲೆಗೆ ಓಡಿ ಜೀವ ಉಳಿಸಿಕೊಂಡರು. ನೀರು ಇಳಿದ ಮೇಲೆ ನೋಡಿದರೆ ಅಲ್ಲಿ ಒಂದು ತಗಡೂ ಇರಲಿಲ್ಲ, ಒಂದು ಗೂಟವೂ ಇರಲಿಲ್ಲ.

ಬಿದ್ದ ಮನೆಗಳ ಪಟ್ಟಿ ಮಾಡಲು ಬಂದವರು ಬಿದ್ದ ಗೋಡೆಯ ಫೋಟೋ ಹಿಡಿದುಕೊಂಡರು. ಇವರಿಗೆ ತೋರಿಸಲು ಗೋಡೆಯೇ ಇರಲಿಲ್ಲ. ಕರೆಂಟಿನ ಬಿಲ್ಲಿಲ್ಲ, ಪಂಚಾಯ್ತಿ ಕೊಡುವ ಮನೆಯ ಉತಾರವಿಲ್ಲ, ಮೊಬೈಲು ನೀರಿನಲ್ಲಿ ಹೋಗಿತ್ತು. ಹೊಲದ ಮಾಲಕ ತನ್ನ ಜಾಗದ ಮೇಲೆ ಮನೆಯಿತ್ತು ಎಂದು ಹೇಳಲು ಒಪ್ಪಲಿಲ್ಲ. ಅಕ್ಕಪಕ್ಕದ ನಾಲ್ವರು ಬಾಯಿಂದ ಹೇಳಿದರು. ಆದರೆ ಪಟ್ಟಿಯಲ್ಲಿ ಅಷ್ಟು ಹೊತ್ತಿಗೆ ಇಲ್ಲದ ಮನೆಗಳೂ ಸೇರಿ ರಂಪವಾಗಿತ್ತು, ಬಾಯಿಮಾತಿಗೆ ಬೆಲೆ ಉಳಿದಿರಲಿಲ್ಲ. ಕಾಗದದ ಮೇಲೆ ಏನಾದರೂ ತೋರಿಸಿ ಎಂದು ಅಧಿಕಾರಿ ಹೇಳಿದರು. ಹೆಸರು ಸೇರಿದರೆ ಮೇಲಿನ ಹೊಸ ಬಡಾವಣೆಯಲ್ಲಿ ಒಂದು ಜಾಗ, ಅದರ ಮೇಲೆ ಗೋಡೆಯ ಮನೆ. ಸೇರದಿದ್ದರೆ ಏನೂ ಇಲ್ಲ.

ಆಗ ಆಕೆಗೆ ನನ್ನ ನೆನಪಾಯಿತು. ಯಾರಿಂದಲೋ ನಂಬರು ಹುಡುಕಿ ಬೇರೆಯವರ ಮೊಬೈಲಿನಿಂದ ಫೋನು ಮಾಡಿದಳು.

"ಚಿತ್ರದ ಸರ್ ಏನ್ರಿ? ನಾನ್ರಿ, ಹೊಳಿದಂಡಿ ಬದನಿಕಾಯಿ ಹೊಲದಾಕಿ. ನೀವು ಬರದ ಚಿತ್ರ ರೋಣದಾಗ ಐತಂತಲ್ರಿ. ಸಾಹೇಬರಿಗೆ ಹೇಳೇನಿ. ಶುಕ್ರವಾರ ಅವರು ಬಂದು ನೋಡ್ತಾರಂತ. ನೀವೂ ಬರ್ರಿ, ಭಾಳ ಪುಣ್ಯಾ ಬರತೈತಿ. ನಮ್ಮ ಕಡೆ ಅದೊಂದ ಉಳದೈತ್ರಿ."

"ಬರ್ತೇನಿ" ಎಂದೆ. ಅಷ್ಟೇ ಎಂದೆ. ಆ ಚಿತ್ರದಲ್ಲಿ ನಿಮ್ಮ ಮನೆ ಇಲ್ಲ ಎಂದು ಅದೇ ಫೋನಿನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಆಕೆ ಬೇರೆ ಯಾರನ್ನಾದರೂ, ಬೇರೆ ಏನನ್ನಾದರೂ ಹುಡುಕುತ್ತಿದ್ದಳು. ಮೂರು ದಿನ ಸಮಯವಿತ್ತು. ಆ ಮೂರು ದಿನವನ್ನು ನಾನು ನನ್ನ ಮಾನ ಕಾಯ್ದುಕೊಳ್ಳಲು ಖರ್ಚು ಮಾಡಿದೆ. ಮನೆ ತೆಗೆದದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ.

ಮೊದಲ ದಿನ ಗುಡ್ಡದ ಚಿತ್ರದ ಹಲಗೆ ಮೇಜಿನ ಮೇಲೆ ಮಲಗಿಸಿದೆ. ಕೆಳಗೆ ಮನೆಯಿದೆ, ಮೇಲಿನದನ್ನು ಕೆರೆದರೆ ಸಿಗುತ್ತದೆ ಎಂಬುದು ನನ್ನ ಲೆಕ್ಕ. ಟರ್ಪೆಂಟೈನ್ ಹಚ್ಚಿ ಉಜ್ಜಿದೆ, ಒಣಗಿ ಎಷ್ಟೋ ತಿಂಗಳಾಗಿದ್ದ ಬಣ್ಣ ಅದಕ್ಕೆ ಬಗ್ಗಲಿಲ್ಲ. ಚಾಕುವಿನ ಅಲಗನ್ನು ಮಲಗಿಸಿ ಕೆರೆದೆ. ಗುಡ್ಡ ಚಕ್ಕೆ ಚಕ್ಕೆಯಾಗಿ ಎದ್ದಿತು, ಎದ್ದ ಕಡೆಯೆಲ್ಲ ಅಸ್ತರನ್ನೂ ಅದರ ಕೆಳಗಿನದನ್ನೂ ಕಿತ್ತುಕೊಂಡು ಎದ್ದಿತು. ಮರಳು ಕಾಗದ ಹಿಡಿದು ನಿಧಾನಕ್ಕೆ ತಿಕ್ಕಿದೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಮೂರು ಬೆರಳಗಲ ಬೂದು ಬಣ್ಣ, ಗುಲಗಂಜಿಯಷ್ಟು ನೀಲಿ ಸಿಕ್ಕವು. ಅದು ಮನೆಯೆಂದು ನನಗೊಬ್ಬನಿಗೆ ಗೊತ್ತಿತ್ತು. ಬೇರೆಯವರಿಗೆ ಅದು ಕೊಳೆ.

ಮೂರನೇ ದಿನ ಪೆಟ್ಟಿಗೆ ತೆಗೆದುಕೊಂಡು ರೋಣದ ವಾಚನಾಲಯಕ್ಕೆ ಹೋದೆ. ಚಿತ್ರದ ಧೂಳು ಒರೆಸಬೇಕೆಂದು ಹೇಳಿ ಕೆಳಗಿಳಿಸಿಕೊಂಡೆ. ಜಾಲಿಗಿಡದ ಬಲಕ್ಕೆ ಬಯಲು ಮರಳು ಸುಮ್ಮನೆ ಬಿದ್ದಿತ್ತು. ಒಂದು ತಾಸಿನ ಕೆಲಸ. ಬೂದು ಬಣ್ಣ, ನೀಲಿ ಗೆರೆ, ಹೊಳಪಿಗೊಂದು ಬಿಳಿ ಏಟು. ಬೇಗ ಒಣಗುವ ಎಣ್ಣೆ ಬೆರೆಸಿದರೆ ಮರುದಿನಕ್ಕೆ ಬೆರಳಿಗೆ ಹತ್ತುವುದಿಲ್ಲ. ಹಿಂದಿನ ತಾರೀಖು ಹೇಗೂ ಇದೆ. ಬಣ್ಣ ಕಲಸಿ ಕುಂಚ ಅದ್ದಿ ಕ್ಯಾನ್ವಾಸಿನ ಹತ್ತಿರ ಒಯ್ದೆ ಕೂಡ.

ಕೈ ಮುಂದೆ ಹೋಗಲಿಲ್ಲ. ಅಧಿಕಾರಿ ನೋಡುವ ಸಾಕ್ಷಿಯನ್ನು ಹಿಂದಿನ ದಿನ ತಿದ್ದುವುದು ಸುಳ್ಳು ಸಾಕ್ಷಿಯಲ್ಲವೇ ಎಂಬ ಯೋಚನೆ ಬಂತು. ನಿಜ ಹೇಳಿದರಾಯಿತು, ನಾನು ಹೇಳಿದರೆ ಕೇಳುತ್ತಾರೆ ಎಂಬ ಧೈರ್ಯವೂ ಬಂತು. ಬಣ್ಣ ಒರೆಸಿ ಚಿತ್ರವನ್ನು ಇದ್ದಂತೆಯೇ ಗೋಡೆಗೆ ಏರಿಸಿದೆ. ಆವತ್ತು ನಾನು ಬಹಳ ದೊಡ್ಡ ಮನುಷ್ಯನಂತೆ ಮನೆಗೆ ಬಂದೆ.

ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ. ಇದ್ದ ಮನೆ ತೆಗೆಯುವಾಗ, ಉಡದ ಸೀರೆ ಉಡಿಸುವಾಗ, ಗಾಳಿಗಿರಣಿಗಳನ್ನು ಗುಡ್ಡದಿಂದ ಕೀಳುವಾಗ ನನಗೆ ಸತ್ಯದ ನೆನಪೇ ಆಗಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಬರೆಯಲು ಹೊರಟದ್ದು ನಿಜವಾಗಿದ್ದಾಗ ಪ್ರಾಮಾಣಿಕತೆ ಉಕ್ಕಿ ಬಂತು.

ಶುಕ್ರವಾರ ಹನ್ನೊಂದಕ್ಕೆ ಅಧಿಕಾರಿ ಒಬ್ಬ ಗುಮಾಸ್ತನ ಜೊತೆ ಬಂದರು. ಗಂಡ ಹೆಂಡತಿ ಆಗಲೇ ಬಂದು ಚಿತ್ರದ ಎದುರು ನಿಂತಿದ್ದರು. ನಾನು ಒಳಗೆ ಕಾಲಿಡುವಾಗ ಆಕೆಯ ಬೆರಳು ಚಿತ್ರದ ಮೇಲೆ ಓಡಾಡುತ್ತಿತ್ತು.

"ಇದು ನಮ್ಮ ಜಾಲಿಗಿಡ" ಎಂದು ಗಂಡನಿಗೆ ತೋರಿಸಿದಳು. "ಮುರದ ಟೊಂಗಿ ಸೈತ ಬರದಾರ ನೋಡ. ಇದು ಬದನಿ ಮಡಿ." ಬೆರಳು ಬಲಕ್ಕೆ ಸರಿಯಿತು, ಮರಳಿನ ಮೇಲೆ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಗಿಡದ ಹಿಂದೆ ಅಡಗಿದೆಯೋ ಎಂಬಂತೆ ಬಗ್ಗಿ ನೋಡಿದಳು.

"ಸರ್, ಮನಿ ಎಲ್ಲೈತ್ರಿ?"

"ಇಲ್ಲವ್ವಾ" ಎಂದೆ.

"ಇಲ್ಲಂದ್ರ?"

"ನಾನು ಬರೀಲಿಲ್ಲ. ಬಿಟ್ಟೆ."

ಆಕೆಗೆ ಅರ್ಥವಾಗಲಿಲ್ಲ. ನೀರಿನ ಅಂಚಿನ ಕೆಂಪು ಸೀರೆಯ ಕಡೆ ಬೆರಳು ಮಾಡಿ, "ಮತ್ತ ಇಕಿ ಯಾರ್ರಿ?" ಎಂದಳು.

"ನೀನ."

"ನಾನ? ನಾ ಯಾವಾಗ ಹೊಳಿನೀರ ತಂದೇನ್ರಿ? ನಮಗ ಬೋರಿನ ನೀರು ಬರತಿತ್ತಲ್ರಿ."

ಗುಮಾಸ್ತ ನಕ್ಕ. ಅಧಿಕಾರಿ ನಗಲಿಲ್ಲ. ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಕೊಡಿಸಿ ಹೇಳಿಕೆ ಬರೆಸಿಕೊಂಡರು. ನಾನು ಎಲ್ಲ ಹೇಳಿದೆ. ಎಂಟು ದಿನ ಕೂತದ್ದು, ಚಹಾ ಕುಡಿದದ್ದು, ತಗಡು ಹೊಳೆದದ್ದು, ತೆಗೆದದ್ದು. ಕೆರೆದ ಹಲಗೆಯನ್ನೂ ತೋರಿಸಿದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಸರ್, ನಿಮ್ಮ ಮ್ಯಾಲೆ ನನಗೇನು ಸಂಶಯ ಇಲ್ಲ" ಎಂದರು. "ಆದ್ರ ಒಂದು ವಿಚಾರ ಮಾಡ್ರಿ. ನೀವ ಬರದ ಚಿತ್ರ, ಹಿಂದ ನಿಮ್ಮ ಸಹಿ, ತಾರೀಖು. ಅದರಾಗ ಮನಿ ಇಲ್ಲ. ಈಗ ಇತ್ತು ಅಂತೀರಿ. ಇದ್ದದ್ದನ್ನ ಇಷ್ಟು ಚಂದ ಇಲ್ಲ ಮಾಡಾವರು ಇಲ್ಲದ್ದನ್ನ ಇತ್ತು ಅಂದ್ರ ನಾ ಹ್ಯಾಂಗ ಬರಕೊಳ್ಳಲಿ? ನಾಳೆ ಮ್ಯಾಲಿನವರು ಕೇಳಿದ್ರ ಈ ಚಿತ್ರಾನ ನನಗ ಎದುರು ನಿಲ್ಲತೈತಿ."

ಬಾಯಿಂದ ಹೇಳಿದ್ದ ನಾಲ್ವರ ಮಾತಿಗೆ ಅದುವರೆಗೆ ಸಾಕ್ಷಿ ಸಾಲದಾಗಿತ್ತು ಅಷ್ಟೇ. ಈಗ ಅದರ ವಿರುದ್ಧ ಒಂದು ಸಾಕ್ಷಿ ಹುಟ್ಟಿತ್ತು. ಅದನ್ನು ಗೋಡೆಗೆ ಏರಿಸಿದವನು ನಾನು, ಅದನ್ನು ನೋಡಲು ಅಧಿಕಾರಿಯನ್ನು ಕರೆತಂದವಳು ಆಕೆ.

ಅವರು ಹೋದ ಮೇಲೆ ಗಂಡ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಆಕೆ ನಿಂತೇ ಇದ್ದಳು. ಬೈಯಲಿ, ಶಾಪ ಹಾಕಲಿ ಎಂದು ನಾನು ಕಾಯುತ್ತಿದ್ದೆ. ಬೈದರೆ ನನಗೆ ಸುಲಭವಾಗುತ್ತಿತ್ತು.

"ನಮ್ಮ ಮನಿ ನೋಡಾಕ ಅಷ್ಟು ಹೊಲಸಿತ್ತೇನ್ರಿ?" ಎಂದಳು.

ಅಷ್ಟೇ ಕೇಳಿದಳು. ನನಗೆ ಅಳು ಬಂತು, ಅತ್ತೆ. ಆಕೆಯೇ "ಇರಲಿ ಬಿಡ್ರಿ, ನೀವೇನು ಬೇಕಂತ ಮಾಡೀರಿ?" ಎಂದು ಸಮಾಧಾನ ಹೇಳಿದಳು. ಬೇಕೆಂದೇ ಮಾಡಿದ್ದೆ. ಅದನ್ನು ಆಕೆಗೆ ಹೇಳಲಿಲ್ಲ.

ಪಟ್ಟಿ ಬಂದಾಗ ಅವರ ಹೆಸರಿರಲಿಲ್ಲ. ಮೇಲ್ಮನವಿ ಬರೆದುಕೊಟ್ಟೆ, ಎರಡು ಸಲ ಕಚೇರಿಗೆ ನಾನೇ ಹೋದೆ. ವಾಚನಾಲಯದವರಿಗೆ ಹೇಳಿ ಚಿತ್ರ ಇಳಿಸಿ ತಂದೆ. ಇಳಿಸಿದರೇನು, ಅದರ ಫೋಟೋ ಕಡತದಲ್ಲಿ ಸೇರಿಯಾಗಿತ್ತು. ಅದನ್ನು ಮಾತ್ರ ನಾನು ಅಳಿಸಲಾರೆ. ಈಗ ಕಂಬ ಇದ್ದರೆ ಕಂಬ ಬರೆಯುತ್ತೇನೆ, ತಗಡು ಇದ್ದರೆ ತಗಡು. ಮೊನ್ನೆ ಒಬ್ಬರು "ಮೊದಲಿನ ಶಾಂತಿ ಇಲ್ಲ ನಿಮ್ಮ ಚಿತ್ರದಾಗ" ಎಂದರು. ಹೌದು, ಇಲ್ಲ. ಆದರೆ ಇದರಿಂದ ಆಕೆಗೆ ಏನೂ ಸಿಕ್ಕಿಲ್ಲ.

ಈ ಸಲದ ಚಳಿಗಾಲದಲ್ಲಿ ನರಗುಂದದ ಮೇಲಿಂದ ಕೊಣ್ಣೂರಿಗೆ ಹೋದೆ. ಅವರು ಅಲ್ಲಿ ಹೆದ್ದಾರಿ ಬದಿಯ ಒಂದು ಬಾಡಿಗೆ ಕೋಣೆಯಲ್ಲಿದ್ದರು, ಇಬ್ಬರೂ ಬೇರೆಯವರ ಹೊಲದ ಕೂಲಿಗೆ ಹೋಗುತ್ತಿದ್ದರು. ಬರಿಗೈಯಲ್ಲಿ ಹೋಗಬಾರದೆಂದು ಒಂದು ಹೊಸ ಹಲಗೆ ಒಯ್ದಿದ್ದೆ. ನಿಮ್ಮ ಮನೆ ಬರೆದುಕೊಡುತ್ತೇನೆ, ಗೋಡೆಗೆ ಹಾಕಿಕೊಳ್ಳಿ ಎಂದೆ. ಗಂಡ ಮುಖ ತಿರುಗಿಸಿದ. ಆಕೆ ರೊಟ್ಟಿ ಬಡಿಯುತ್ತಲೇ "ಬರೀರಿ" ಎಂದಳು.

ಗೋಡೆಗೆ ಒರಗಿ ಕೂತು ನೆನಪಿನಿಂದ ಬರೆಯತೊಡಗಿದೆ. ಜಾಲಿಗಿಡ ಬಂತು, ಬದನೆಯ ಮಡಿ ಬಂತು, ನಾಲ್ಕು ಕಡೆ ತಗಡು, ನೀಲಿ ತಾಡಪತ್ರಿ, ಅದರ ಮೇಲಿನ ಕಲ್ಲು. ತಗಡಿಗೆ ಹೊಳಪು ಕೊಟ್ಟೆ, ಈ ಸಲ ತಗ್ಗಿಸದೆ ಕೊಟ್ಟೆ. ಮನೆಯೆಂದ ಮೇಲೆ ಬಾಗಿಲು ಬೇಕಲ್ಲ. ಹೊಳೆಯ ಕಡೆಯ ತಗಡಿನಲ್ಲಿ ಕಪ್ಪಗೆ ಒಂದು ಬಾಗಿಲು ಇಟ್ಟೆ.

ಆಕೆ ಹಿಟ್ಟಿನ ಕೈ ಒರೆಸಿಕೊಂಡು ಬಂದು ಹಿಂದೆ ನಿಂತಳು.

"ಬಾಗಲಾ ಆ ಕಡೆ ಇರಲಿಲ್ರಿ" ಎಂದಳು.

"ಮತ್ತ ಎಲ್ಲಿತ್ತವಾ?"

"ನೀವು ಕುಂತ ಕಡೇನ ಇತ್ತು. ಎಂಟೂ ದಿನ ನಾವು ಬಾಗಲದಾಗ ಕುಂತು ನಿಮ್ಮನ್ನ ನೋಡತಿದ್ವಿ."